ಓದುಗರ ಪ್ರಶ್ನೆ, ಪಶು ಪೋಷಣೆಯ ಉತ್ತರ: ಹಣ್ಣಿನ ಸಿಪ್ಪೆ ಮೊಲಗಳಿಗೆ ಮೇವಾಗಬಲ್ಲದೇ?

ಹಣ್ಣಿನ ಸಿಪ್ಪೆ, ಹಿಪ್ಪೆ ಮತ್ತು ಮಾರಾಟವಾಗದೆ ಉಳಿದ ಹಣ್ಣುಗಳನ್ನು ಮೊಲಗಳಿಗೆ ಕೊಡುವ ಬಗ್ಗೆ ಹಲವು ಓದುಗರು ಕೇಳಿದ್ದಾರೆ. ಹಿಂಡಿ ಮತ್ತು ಮೆಕ್ಕೆಜೋಳದ ಬೆಲೆ ಏರುತ್ತಿರುವಾಗ ಇಂಥ ಪ್ರಶ್ನೆಗಳು ಬರುವುದು ಸಹಜ. ಐವರು ಓದುಗರ ಪತ್ರಗಳನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಊರು ಬನವಾಸಿಯ ಹತ್ತಿರವಿದೆ. ನ್ಯೂಜಿಲೆಂಡ್ ವೈಟ್ ಮತ್ತು ಸೋವಿಯತ್ ಚಿಂಚಿಲ್ಲಾ ತಳಿಯ ಮೊಲಗಳನ್ನು ಸಾಕಿದ್ದೇವೆ. ಸಮೀಪದ ಅನಾನಸ್ ಸಂಸ್ಕರಣೆ ಘಟಕದವರು ಸಿಪ್ಪೆಯನ್ನು ಉಚಿತವಾಗಿ ಒಯ್ಯಲು ಹೇಳುತ್ತಿದ್ದಾರೆ. ಹಸಿಯಾಗಿಯೇ ಹಾಕಬಹುದೇ? ಕೈತಿಂಡಿಯ (ಧಾನ್ಯ, ಬೂಸಾ, ಹಿಂಡಿ ಬೆರೆಸಿದ ಆಹಾರ) ಖರ್ಚು ಎಷ್ಟು ಉಳಿಯಬಹುದು?

ಉತ್ತರ: ಹಸಿ ಸಿಪ್ಪೆಯನ್ನು ಮುಖ್ಯ ಮೇವಾಗಿ ಹಾಕಬೇಡಿ. ಒಣಗಿಸಿ, ಪುಡಿ ಮಾಡಿ, ಕೈತಿಂಡಿಯಲ್ಲಿ ಮೆಕ್ಕೆಜೋಳದ ಒಂದು ಪಾಲಿನ ಬದಲಿಗೆ ಬಳಸಬಹುದು. ಇದಕ್ಕೆ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ, ಏಕೆಂದರೆ ಉಳಿದ ಪತ್ರಗಳ ಉತ್ತರಗಳೂ ಇದನ್ನೇ ಆಧರಿಸಿವೆ.

ಮೊಲ ಹಸುವಿನಂತೆ ಮೆಲುಕು ಹಾಕುವ ಪ್ರಾಣಿಯಲ್ಲ. ತಿಂದ ಮೇವಿನ ಪಿಷ್ಟ ಮತ್ತು ಸಕ್ಕರೆ ಸಣ್ಣಕರುಳಿನಲ್ಲಿ ಜೀರ್ಣವಾಗಿ, ಉಳಿದದ್ದು ದೊಡ್ಡಕರುಳಿನ ಆರಂಭದಲ್ಲಿರುವ ಸೀಕಮ್ ಎಂಬ ದೊಡ್ಡ ಚೀಲವನ್ನು ಸೇರುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸಿ ಪ್ರೋಟೀನ್ ಮತ್ತು ಬಿ ಗುಂಪಿನ ಜೀವಸತ್ವಗಳನ್ನು ತಯಾರಿಸುತ್ತವೆ. ಈ ಭಾಗ ಮೆದು ಹಿಕ್ಕೆಯಾಗಿ ಹೊರಬಂದಾಗ ಮೊಲ ಅದನ್ನು ನೇರವಾಗಿ ಬಾಯಿಗೆ ತೆಗೆದುಕೊಂಡು ಮತ್ತೊಮ್ಮೆ ಜೀರ್ಣಿಸಿಕೊಳ್ಳುತ್ತದೆ. ಗೂಡಿನ ಕೆಳಗೆ ನಾವು ಕಾಣುವ ಗಟ್ಟಿ ಹಿಕ್ಕೆ ಬೇರೆ. ಅದು ಒರಟು ನಾರಿನಿಂದ ಆದದ್ದು. ಆ ಒರಟು ನಾರು ಕರುಳನ್ನು ಚಲಿಸುವಂತೆ ಇಡುತ್ತದೆ. ನಾರು ಕಡಿಮೆಯಾಗಿ ಸಕ್ಕರೆ ಹೆಚ್ಚಾದರೆ ಕರುಳಿನ ಚಲನೆ ನಿಧಾನವಾಗುತ್ತದೆ, ಸೀಕಮ್‌ನಲ್ಲಿ ಹುದುಗುವಿಕೆ ಕೆಟ್ಟು ಅನಿಲ ತುಂಬುತ್ತದೆ, ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾಗಳು ಬೆಳೆದು ವಿಷ ಉತ್ಪಾದಿಸುತ್ತವೆ. ಮೊಲಕ್ಕೆ ವಾಂತಿ ಮಾಡುವ ಶಕ್ತಿಯಿಲ್ಲ. ಹೀಗಾಗಿ ಬೆಳಿಗ್ಗೆ ಮಂಕಾಗಿ ಕುಳಿತ ಮೊಲ ಸಂಜೆಯೊಳಗೆ ಸಾಯುವುದೂ ಉಂಟು.

ಈಗ ಲೆಕ್ಕಕ್ಕೆ ಬರೋಣ. ಮೂರು ಕಿಲೋ ತೂಕದ ಮೊಲಕ್ಕೆ ದಿನಕ್ಕೆ ಸುಮಾರು 150 ಗ್ರಾಂ ಒಣ ಪದಾರ್ಥ, ಅಂದರೆ ನೀರಿನಂಶ ಕಳೆದು ಉಳಿಯುವ ಮೇವು, ಬೇಕು. ಹಸಿ ಅನಾನಸ್ ಸಿಪ್ಪೆಯಲ್ಲಿ ನೀರಿನಂಶವೇ ನೂರಕ್ಕೆ ಸುಮಾರು 85 ಭಾಗ ಇರುತ್ತದೆ. ಅಂದರೆ ಅದರಿಂದಲೇ ಹೊಟ್ಟೆ ತುಂಬಿಸಬೇಕೆಂದರೆ ಆ ಮೊಲ ದಿನಕ್ಕೆ ಒಂದು ಕಿಲೋ ಸಿಪ್ಪೆ ತಿನ್ನಬೇಕು, ತನ್ನ ತೂಕದ ಮೂರನೇ ಒಂದು ಭಾಗ. ಇದು ಆಗದ ಮಾತು. ಸುರಕ್ಷಿತವೆನ್ನಬಹುದಾದ 20–30 ಗ್ರಾಂ ಹಸಿ ಸಿಪ್ಪೆ ಕೊಟ್ಟರೆ ಸಿಗುವ ಒಣ ಪದಾರ್ಥ ಮೂರು-ನಾಲ್ಕು ಗ್ರಾಂ ಮಾತ್ರ. ಅದರಿಂದ ಖರ್ಚು ಉಳಿಯುವುದಿಲ್ಲ. ಹಸಿಯಾಗಿ ಹೆಚ್ಚು ಕೊಟ್ಟರೆ ಅಪಾಯ, ಕಡಿಮೆ ಕೊಟ್ಟರೆ ಪ್ರಯೋಜನವಿಲ್ಲ. ಒಣಗಿಸಿದಾಗ ಮಾತ್ರ ಅದು ಮೇವೆನಿಸಿಕೊಳ್ಳುತ್ತದೆ.

ಒಣಗಿಸುವ ಕೆಲಸ ಸಿಪ್ಪೆ ಕೈಸೇರಿದ ದಿನವೇ ಶುರುವಾಗಬೇಕು. ಸೆಖೆಯಲ್ಲಿ ರಾಶಿ ಹಾಕಿದ ಅನಾನಸ್ ಸಿಪ್ಪೆ ಮರುದಿನದೊಳಗೆ ಹುಳಿತು ಸಾರಾಯಿಯ ವಾಸನೆ ಬರುತ್ತದೆ, ನೊಣ ಮುತ್ತುತ್ತದೆ. ಘಟಕದಿಂದ ಬಂದ ಕೂಡಲೇ ತೊಳೆದು ಮಣ್ಣು ತೆಗೆದು, ಬೆರಳಗಲದ ತುಂಡುಗಳಾಗಿ ಕತ್ತರಿಸಿ, ಟಾರ್ಪಾಲಿನ್ ಅಥವಾ ಸಿಮೆಂಟ್ ಕಣದ ಮೇಲೆ ತೆಳುವಾಗಿ ಹರಡಿ, ದಿನಕ್ಕೆ ಮೂರು-ನಾಲ್ಕು ಬಾರಿ ಕೈಯಾಡಿಸಿ. ನೆಲದಿಂದ ಎತ್ತರದಲ್ಲಿ ಕಟ್ಟಿದ ಬಲೆಯ ಮೇಲೆ ಹರಡಿದರೆ ಗಾಳಿ ಕೆಳಗಿನಿಂದಲೂ ಆಡಿ ಬೇಗ ಒಣಗುತ್ತದೆ. ತುಂಡನ್ನು ಬಾಗಿಸಿದರೆ ಬಳುಕದೆ ಟಕ್ಕನೆ ಮುರಿಯಬೇಕು. ಆಗ ತೇವಾಂಶ ಹೆಚ್ಚುಕಡಿಮೆ 10–12 ಭಾಗಕ್ಕೆ ಇಳಿದಿರುತ್ತದೆ. ಮಳೆಗಾಲದಲ್ಲಿ ನಿಮ್ಮ ಭಾಗದಲ್ಲಿ ಈ ಕೆಲಸ ನಡೆಯುವುದಿಲ್ಲ. ಅರೆಬರೆ ಒಣಗಿದ ಸಿಪ್ಪೆಯಲ್ಲಿ ಬೂಷ್ಟು ಹಿಡಿಯುವುದು ಖಂಡಿತ, ಮತ್ತು ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ವಿಷವನ್ನು ಸಾಕುಪ್ರಾಣಿಗಳಲ್ಲಿ ಅತ್ಯಂತ ಕಡಿಮೆ ತಾಳಿಕೊಳ್ಳುವವುಗಳಲ್ಲಿ ಮೊಲವೂ ಒಂದು. ಮಳೆಗಾಲದ ಸಿಪ್ಪೆಯನ್ನು ಗೊಬ್ಬರದ ಗುಂಡಿಗೇ ಬಿಡಿ.

ಪೋಷಕಾಂಶದ ದೃಷ್ಟಿಯಿಂದ ಒಣ ಅನಾನಸ್ ಸಿಪ್ಪೆಯಲ್ಲಿ ಪ್ರೋಟೀನ್ ಬಹಳ ಕಡಿಮೆ, ನೂರಕ್ಕೆ ಸುಮಾರು 6 ಭಾಗ. ಬೆಳೆಯುವ ಮೊಲದ ಆಹಾರದಲ್ಲಿ 16–18 ಭಾಗ ಪ್ರೋಟೀನ್ ಇರಬೇಕು. ಆದ್ದರಿಂದ ಸಿಪ್ಪೆ ಹಿಂಡಿಗೆ ಬದಲಿಯಲ್ಲ, ಹಸಿರು ಹುಲ್ಲಿಗೂ ಬದಲಿಯಲ್ಲ. ಅದು ಬದಲಿಯಾಗಬಲ್ಲದ್ದು ಮೆಕ್ಕೆಜೋಳಕ್ಕೆ ಮಾತ್ರ. ನೂರು ಕಿಲೋ ಕೈತಿಂಡಿಗೆ ಮೆಕ್ಕೆಜೋಳದ ನುಚ್ಚು 25, ಗೋಧಿ ಬೂಸಾ 35, ಕಡಲೆಕಾಯಿ ಹಿಂಡಿ 20, ಕಡಲೆ ಹೊಟ್ಟು 17.5, ಖನಿಜ ಮಿಶ್ರಣ 2 ಮತ್ತು ಉಪ್ಪು ಅರ್ಧ ಕಿಲೋ ಹಾಕುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಇದರಲ್ಲಿ ಮೆಕ್ಕೆಜೋಳವನ್ನು 14 ಕಿಲೋಗೆ ಇಳಿಸಿ, ಒಣ ಸಿಪ್ಪೆಯ ಪುಡಿ 10 ಕಿಲೋ ಸೇರಿಸಿ, ಹಿಂಡಿಯನ್ನು 21 ಕಿಲೋಗೆ ಏರಿಸಿದರೆ ಪ್ರೋಟೀನ್ ಮೊದಲಿನಂತೆಯೇ 17ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹೆಚ್ಚಿಸಿದ ಆ ಒಂದು ಕಿಲೋ ಹಿಂಡಿಯನ್ನು ಬಿಟ್ಟರೆ ಮರಿಗಳ ಬೆಳವಣಿಗೆ ಹಿಂದೆ ಬೀಳುತ್ತದೆ. ಕಡಲೆಕಾಯಿ ಹಿಂಡಿ ಹಳೆಯದಾಗಿರಬಾರದು, ಅದರಲ್ಲೂ ಬೂಷ್ಟಿನ ಭಯವಿದೆ. ಸೋಯಾ ಹಿಂಡಿ ಸಿಕ್ಕರೆ ಇನ್ನೂ ಒಳ್ಳೆಯದು. ಹತ್ತು ಕಿಲೋದಿಂದ ಆರಂಭಿಸಿ, ಮೊಲಗಳು ಒಗ್ಗಿದ ಮೇಲೆ ಹದಿನೈದರವರೆಗೆ ಹೋಗಬಹುದು. ಅದನ್ನು ಮೀರಬೇಡಿ.

ಖರ್ಚಿನ ವಿಷಯದಲ್ಲಿ ಉಚಿತ ಎಂಬ ಮಾತಿಗೆ ಮರುಳಾಗದಿರುವುದು ಒಳ್ಳೆಯದು. ನೂರು ಕಿಲೋ ಹಸಿ ಸಿಪ್ಪೆಯಿಂದ ಸಿಗುವ ಒಣ ಸಿಪ್ಪೆ ಸುಮಾರು 17 ಕಿಲೋ. ಗಾಡಿ ಬಾಡಿಗೆ, ಕತ್ತರಿಸುವ ಮತ್ತು ಒಣಗಿಸುವ ಆಳಿನ ಕೂಲಿ ಸೇರಿ ಆ ನೂರು ಕಿಲೋಗೆ 300 ರೂಪಾಯಿ ತಗುಲಿದರೆ ಒಣ ಸಿಪ್ಪೆ ಕಿಲೋಗೆ ಹೆಚ್ಚುಕಡಿಮೆ 18 ರೂಪಾಯಿ ಬೀಳುತ್ತದೆ. ಸಿಪ್ಪೆಯಲ್ಲಿರುವ ಶಕ್ತಿ ಮೆಕ್ಕೆಜೋಳದಷ್ಟಿಲ್ಲ. ಆದಕಾರಣ ಅದರ ಬೆಲೆ ನಿಮ್ಮೂರಿನ ಮೆಕ್ಕೆಜೋಳದ ಬೆಲೆಯ ಮುಕ್ಕಾಲು ಪಾಲನ್ನು ದಾಟಿದರೆ ಈ ಶ್ರಮಕ್ಕೆ ಅರ್ಥವಿಲ್ಲ ಎಂಬುದು ನನ್ನ ಅಭಿಪ್ರಾಯ. ಘಟಕ ನಾಲ್ಕಾರು ಕಿಲೋಮೀಟರ್ ಒಳಗಿದ್ದು, ಮನೆಯವರೇ ಕೆಲಸ ಮಾಡುವಂತಿದ್ದರೆ ಲೆಕ್ಕ ಸರಿಹೋಗುತ್ತದೆ.

ಅನಾನಸ್‌ನ ಜುಟ್ಟನ್ನು ಮೊಲಗಳಿಗೆ ಹಾಕಬೇಡಿ, ಅದರ ನಾರು ಬಹಳ ಗಡಸು. ನಿಮ್ಮಲ್ಲಿ ಹಸು ಅಥವಾ ಕುರಿ ಇದ್ದರೆ ಆ ದಾರಿಯಿದೆ: ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯು ಅನಾನಸ್ ಜುಟ್ಟು, ಸಿಪ್ಪೆ ಮತ್ತು ಹಿಪ್ಪೆಯಿಂದ ರಸಮೇವು (ಗಾಳಿಯಾಡದಂತೆ ಮುಚ್ಚಿ ಹುದುಗಿಸಿದ ಮೇವು) ತಯಾರಿಸುವ ವಿಧಾನವನ್ನು ರೂಪಿಸಿದೆ. ಆದರೆ ಅದು ಮೆಲುಕು ಹಾಕುವ ಪ್ರಾಣಿಗಳಿಗೆ ಹೇಳಿದ್ದು. ಆ ರಸಮೇವನ್ನು ಮೊಲದ ಗೂಡಿಗೆ ತರಬೇಡಿ.

ಪ್ರಶ್ನೆ: ಶ್ರೀನಿವಾಸಪುರದ ಕಡೆ ಮಾವಿನ ತಿರುಳು ತೆಗೆಯುವ ಕಾರ್ಖಾನೆಗಳಿಂದ ಸಿಪ್ಪೆ ಮತ್ತು ಓಟೆ ಟ್ರ್ಯಾಕ್ಟರ್‌ಗಟ್ಟಲೆ ಸಿಗುತ್ತದೆ. ನಾವು ರೇಷ್ಮೆಯನ್ನೂ ಬೆಳೆಯುತ್ತೇವೆ. ಇವುಗಳಿಂದ ಮೊಲದ ಆಹಾರ ತಯಾರಿಸಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ನೀವು ಕೊನೆಯಲ್ಲಿ ಹೇಳಿದ ಸಂಗತಿಯೇ ನಿಮ್ಮ ದೊಡ್ಡ ಅನುಕೂಲ. ಹಿಪ್ಪುನೇರಳೆ ಸೊಪ್ಪಿನ ಒಣ ಪದಾರ್ಥದಲ್ಲಿ ಪ್ರೋಟೀನ್ ಸುಮಾರು 18ರಿಂದ 22 ಭಾಗ ಇದ್ದು, ಮೊಲಗಳು ಅದನ್ನು ಇಷ್ಟಪಟ್ಟು ತಿನ್ನುತ್ತವೆ. ಮಾವಿನ ಸಿಪ್ಪೆಯಲ್ಲಿ ಇಲ್ಲದ್ದು ಹಿಪ್ಪುನೇರಳೆಯಲ್ಲಿದೆ. ಆದರೆ ಹುಳುಗಳಿಗೆ ಹಾಕಿ ಮಿಕ್ಕ ಸೊಪ್ಪನ್ನು ಬಳಸಬೇಡಿ, ಅದಕ್ಕೆ ಸುಣ್ಣ, ಬ್ಲೀಚಿಂಗ್ ಪುಡಿ ಮತ್ತು ಹಾಸಿಗೆಗೆ ಹಾಕುವ ಸೋಂಕುನಿವಾರಕಗಳು ತಗುಲಿರುತ್ತವೆ. ತೋಟದಿಂದ ನೇರವಾಗಿ ಕೊಯ್ದ, ಔಷಧಿ ಸಿಂಪಡಿಸದ ಸೊಪ್ಪನ್ನು ಅರ್ಧ ದಿನ ಬಾಡಿಸಿ ಕೊಡಿ.

ಮಾವಿನ ಸಿಪ್ಪೆಯಲ್ಲಿ ಸಕ್ಕರೆ ಹೆಚ್ಚಿರುವುದರಿಂದ ಒಣಗಿಸುವಾಗ ಅಂಟಂಟಾಗಿ ಗಂಟು ಕಟ್ಟುತ್ತದೆ. ಸಿಪ್ಪೆಯನ್ನು ಕತ್ತರಿಸಿದ ಮೇಲೆ ನಾಲ್ಕು ಪಾಲು ಸಿಪ್ಪೆಗೆ ಒಂದು ಪಾಲು ಗೋಧಿ ಬೂಸಾ ಅಥವಾ ಕಡಲೆ ಹೊಟ್ಟನ್ನು ಕಲಸಿ ಹರಡಿದರೆ ರಸವನ್ನು ಅದು ಹೀರಿಕೊಂಡು ಸಲೀಸಾಗಿ ಒಣಗುತ್ತದೆ. ಹಸುಗಳ ಮೇವು ತಯಾರಿಸುವಾಗ ಹಣ್ಣಿನ ಹಿಪ್ಪೆಗೆ ಸುಣ್ಣ ಬೆರೆಸಿ ನೀರು ಬಿಡಿಸುವ ಪದ್ಧತಿಯೊಂದಿದೆ. ಮೊಲಗಳಿಗೆ ಅದು ಹೊಂದುವುದಿಲ್ಲ. ಬೇರೆ ಪ್ರಾಣಿಗಳ ಕರುಳು ದೇಹಕ್ಕೆ ಅಗತ್ಯವಿರುವಷ್ಟು ಸುಣ್ಣದ ಅಂಶವನ್ನು (ಕ್ಯಾಲ್ಸಿಯಂ) ಮಾತ್ರ ಹೀರಿಕೊಂಡರೆ, ಮೊಲದ ಕರುಳು ಮೇವಿನಲ್ಲಿದ್ದ ಸುಣ್ಣದ ಬಹುಪಾಲನ್ನು ಹೀರಿ, ಹೆಚ್ಚಾದದ್ದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಮೂತ್ರ ಸುಣ್ಣದ ನೀರಿನಂತಾಗಿ, ಮೂತ್ರಕೋಶದಲ್ಲಿ ಕಲ್ಲು ಕಟ್ಟುವ ಸಾಧ್ಯತೆ ಹೆಚ್ಚುತ್ತದೆ.

ಓಟೆಯನ್ನು ಬಿಟ್ಟುಬಿಡಿ. ಒಳಗಿನ ಬೀಜದಲ್ಲಿ ಪಿಷ್ಟ ಮತ್ತು ಕೊಬ್ಬು ಇರುವುದು ನಿಜವಾದರೂ ಟ್ಯಾನಿನ್ ಎಂಬ ಒಗರು ಅಂಶ ಬಹಳವಿದ್ದು, ಅದು ಮೇವಿನ ಪ್ರೋಟೀನನ್ನು ಹಿಡಿದಿಟ್ಟು ಜೀರ್ಣವಾಗದಂತೆ ಮಾಡುತ್ತದೆ. ನೆನೆಸಿ ಬೇಯಿಸಿ ಅದನ್ನು ಕಡಿಮೆ ಮಾಡಬಹುದಾದರೂ ಸೌದೆ ಮತ್ತು ಕೂಲಿಯ ಖರ್ಚೇ ಮೇವಿನ ಬೆಲೆಯನ್ನು ಮೀರುತ್ತದೆ. ಒಣಗಿದ ಸಿಪ್ಪೆಯ ಮಿಶ್ರಣವನ್ನು ಮೊದಲ ಉತ್ತರದಲ್ಲಿ ಹೇಳಿದ ಪ್ರಮಾಣಕ್ಕಿಂತ ಕಡಿಮೆಯಾಗಿ, ಸಿಪ್ಪೆಯ ಲೆಕ್ಕದಲ್ಲಿ ಕೈತಿಂಡಿಯ ನೂರಕ್ಕೆ 8ರಿಂದ 10 ಭಾಗಕ್ಕೆ ಸೀಮಿತಗೊಳಿಸಿ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮ ಸಂಬಂಧಿಕರದೊಂದು ಜ್ಯೂಸ್ ಅಂಗಡಿಯಿದೆ. ಮೋಸಂಬಿ, ಕಿತ್ತಳೆ, ಕಲ್ಲಂಗಡಿ, ಬಾಳೆ ಎಲ್ಲದರ ಸಿಪ್ಪೆ ಒಟ್ಟಿಗೆ ಸಿಗುತ್ತದೆ. ಯಾವುದು ಒಳ್ಳೆಯದು?

ಉತ್ತರ: ರಸ ಹಿಂಡಿದ ಮೋಸಂಬಿ ಮತ್ತು ಕಿತ್ತಳೆಯ ಸಿಪ್ಪೆ-ಹಿಪ್ಪೆ ಇವುಗಳಲ್ಲಿ ಅತ್ಯುತ್ತಮ. ಸಕ್ಕರೆಯ ಬಹುಪಾಲು ರಸದೊಂದಿಗೆ ಹೊರಟುಹೋಗಿ, ಪೆಕ್ಟಿನ್ ಎಂಬ ಮೃದು ನಾರು ಉಳಿದಿರುತ್ತದೆ. ಸಕ್ಕರೆ ಮತ್ತು ಪೆಕ್ಟಿನ್ ಎರಡೂ ಹಣ್ಣಿನಿಂದಲೇ ಬಂದರೂ ಮೊಲದ ಕರುಳಿನಲ್ಲಿ ಅವುಗಳ ನಡವಳಿಕೆ ಬೇರೆ. ಪೆಕ್ಟಿನ್ ಸೀಕಮ್ ತಲುಪಿ ಅಲ್ಲಿನ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ. 1990ರ ದಶಕದ ಕೊನೆಯಲ್ಲಿ ಫ್ರಾನ್ಸ್‌ನಲ್ಲಿ ಕಾಣಿಸಿಕೊಂಡ ಕರುಳುಬೇನೆಯೊಂದು ಯೂರೋಪಿನ ಮೊಲ ಸಾಕಣೆಗೆ ಭಾರಿ ಪೆಟ್ಟು ಕೊಟ್ಟ ಮೇಲೆ, ಹಾಲು ಬಿಡಿಸಿದ ಮರಿಗಳ ಆಹಾರದಲ್ಲಿ ಇಂಥ ಕರಗುವ ನಾರಿನ ಪಾತ್ರದ ಬಗ್ಗೆ ಅಲ್ಲಿನ ಸಂಶೋಧಕರು ವಿಶೇಷ ಗಮನ ಕೊಟ್ಟರು. ಸಕ್ಕರೆ ಬೀಟ್‌ರೂಟಿನ ಒಣ ಹಿಪ್ಪೆ, ಕಿತ್ತಳೆಯ ಒಣ ಹಿಪ್ಪೆ, ಸೇಬಿನ ಒಣ ಹಿಪ್ಪೆ ಅಲ್ಲಿನ ಮೊಲದ ಆಹಾರದಲ್ಲಿ ಹೊಸದೇನಲ್ಲ. ಒಂದು ಸೂಚನೆಯನ್ನು ಮರೆಯಬಾರದು: ಪೆಕ್ಟಿನ್ ಇದೆ ಎಂದು ಒರಟು ನಾರನ್ನು ಕಡಿಮೆ ಮಾಡುವಂತಿಲ್ಲ, ಎರಡೂ ಜೊತೆಯಲ್ಲಿರಬೇಕು. ಮೊಲದ ಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ಒಣಹುಲ್ಲನ್ನು ಅಗಿಯುವುದರಿಂದಲೇ ಅವು ಸವೆಯಬೇಕು.

ಬಾಳೆಯ ಸಿಪ್ಪೆಯನ್ನು ಚೆನ್ನಾಗಿ ಕಳಿತದ್ದು ಮಾತ್ರ ಒಣಗಿಸಿ ಬಳಸಿ. ಚಿಪ್ಸ್ ಮಾಡುವವರಲ್ಲಿ ಸಿಗುವ ಹಸಿರು ಸಿಪ್ಪೆಯಲ್ಲಿ ಒಗರು ಹೆಚ್ಚು. ಕಲ್ಲಂಗಡಿ ಸಿಪ್ಪೆ ಬಹುತೇಕ ನೀರು, ಒಣಗಿಸಲು ತಗಲುವ ಶ್ರಮಕ್ಕೆ ತಕ್ಕಷ್ಟು ಏನೂ ಉಳಿಯುವುದಿಲ್ಲ. ಬೇಸಿಗೆಯಲ್ಲಿ ಅದರ ಹಸಿರು ತೊಗಟೆಯ ಒಂದು ಸಣ್ಣ ತುಂಡನ್ನು ತೊಳೆದು ದೊಡ್ಡ ಮೊಲಗಳಿಗೆ ಕೊಡಬಹುದು.

ಅಂಗಡಿಯಲ್ಲೇ ಎರಡು ಬಕೆಟ್ ಇಡಿಸಿ. ಎಲ್ಲವೂ ಒಂದೇ ಬುಟ್ಟಿಗೆ ಬಿದ್ದರೆ ಸ್ಟ್ರಾ, ಪ್ಲಾಸ್ಟಿಕ್, ಐಸ್‌ಕ್ರೀಂ, ಸಕ್ಕರೆ ಪಾಕ, ಕೊಳೆತ ತುಂಡು ಎಲ್ಲವೂ ಸೇರುತ್ತವೆ. ಆಮೇಲೆ ಬೇರ್ಪಡಿಸುತ್ತೇನೆಂದರೆ ಆಗುವುದಿಲ್ಲ. ಹೊರದೇಶಗಳಿಂದ ಬರುವ ಹೊಳಪಿನ ಕಿತ್ತಳೆ ಮತ್ತು ಸೇಬುಗಳಿಗೆ ಮೇಣ ಸವರಿರುತ್ತಾರೆ, ಕೊಯ್ಲಿನ ನಂತರ ಶಿಲೀಂಧ್ರನಾಶಕವನ್ನೂ ಹಚ್ಚಿರುವುದುಂಟು. ಅವುಗಳ ಸಿಪ್ಪೆ ಬೇಡ. ಸೇಬಿನ ಬೀಜಗಳಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿರುವುದರಿಂದ ಬೀಜದ ಗೂಡನ್ನು ತೆಗೆದು ಹಾಕಿ.

ಪ್ರಶ್ನೆ: ಕೊಡಗಿನಲ್ಲಿ ನಮ್ಮ ತೋಟದಲ್ಲಿ ಬೆಣ್ಣೆಹಣ್ಣು ಬಿದ್ದು ಹಾಳಾಗುತ್ತದೆ. ಮೊಲಗಳಿಗೆ ಹಾಕಬಹುದೇ?

ಉತ್ತರ: ಹಾಕಲೇಬಾರದು. ಬೆಣ್ಣೆಹಣ್ಣಿನ ಗಿಡದ ಎಲೆ, ಹಣ್ಣಿನ ಸಿಪ್ಪೆ ಮತ್ತು ಬೀಜದಲ್ಲಿ ಪರ್ಸಿನ್ ಎಂಬ ವಿಷವಿದೆ. ಅದು ಹೃದಯದ ಸ್ನಾಯುಗಳನ್ನು ಹಾಳುಮಾಡುತ್ತದೆ, ಹಾಲೂಡಿಸುವ ತಾಯಿಯ ಕೆಚ್ಚಲನ್ನು ಬಾಧಿಸುತ್ತದೆ, ಮತ್ತು ಮೊಲಗಳು ಈ ವಿಷಕ್ಕೆ ಸುಲಭವಾಗಿ ತುತ್ತಾಗುತ್ತವೆ. ತಿರುಳು ಮಾತ್ರ ಕೊಡುತ್ತೇನೆ ಎಂಬ ಪ್ರಯತ್ನವೂ ಬೇಡ. ಗೂಡಿನ ಮೇಲೆ ಬೆಣ್ಣೆಹಣ್ಣಿನ ಮರದ ಎಲೆ ಉದುರುತ್ತಿದ್ದರೆ ಗೂಡಿನ ಜಾಗವನ್ನೇ ಬದಲಾಯಿಸಿ. ಕಾಫಿ ಹಣ್ಣಿನ ಸಿಪ್ಪೆಯನ್ನೂ ಕೆಲವರು ಕೇಳುತ್ತಾರೆ. ಅದರಲ್ಲಿ ಕೆಫೀನ್ ಮತ್ತು ಟ್ಯಾನಿನ್ ಇರುವುದರಿಂದ ಅದೂ ಮೊಲಕ್ಕೆ ತಕ್ಕ ಮೇವಲ್ಲ.

ಪ್ರಶ್ನೆ: ವಿಜಯಪುರ ಜಿಲ್ಲೆಯವನು ನಾನು. ಎರಡನೇ ದರ್ಜೆಯ ಒಣದ್ರಾಕ್ಷಿ ಮತ್ತು ಬಾಳೆಹಣ್ಣನ್ನು ಹಾಲು ಬಿಡಿಸಿದ ಮರಿಗಳಿಗೆ ತೂಕ ಬರಲೆಂದು ಕೊಟ್ಟೆ. ಹೊಟ್ಟೆ ಉಬ್ಬಿ, ಭೇದಿಯಾಗಿ ಕೆಲವು ಸತ್ತವು. ಹಸುವಿಗೆ ತಂದಿದ್ದ ಮಾತ್ರೆಯನ್ನು ಅರೆದು ಕುಡಿಸಿದರೂ ಉಳಿಯಲಿಲ್ಲ. ಕಾರಣವೇನು?

ಉತ್ತರ: ಮರಿಗಳನ್ನು ಕಳೆದುಕೊಂಡ ನಿಮ್ಮ ನೋವು ಅರ್ಥವಾಗುತ್ತದೆ. ನಾಲ್ಕರಿಂದ ಎಂಟು ವಾರದ ನಡುವಿನ ಕಾಲ ಮೊಲದ ಬದುಕಿನಲ್ಲೇ ಅತ್ಯಂತ ನಾಜೂಕಾದದ್ದು. ತಾಯಿಯ ಹಾಲಿನ ರಕ್ಷಣೆ ತಪ್ಪಿರುತ್ತದೆ, ಪಿಷ್ಟವನ್ನು ಅರಗಿಸುವ ಕಿಣ್ವಗಳು ಇನ್ನೂ ಪೂರ್ಣ ಬಲಿತಿರುವುದಿಲ್ಲ, ಸೀಕಮ್‌ನ ಸೂಕ್ಷ್ಮಜೀವಿಗಳು ನೆಲೆಗೊಳ್ಳುತ್ತಿರುತ್ತವೆ. ಒಣದ್ರಾಕ್ಷಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ ಇರುತ್ತದೆ. ಅದರ ಜೊತೆಗೆ ಬಾಳೆಹಣ್ಣೂ ಸೇರಿದರೆ ಆ ಕರುಳು ತಾಳುವುದು ಕಷ್ಟ. ಎಂಟು ವಾರ ತುಂಬುವವರೆಗೆ ಮರಿಗಳಿಗೆ ಹಣ್ಣಾಗಲಿ, ಹಣ್ಣಿನ ಸಿಪ್ಪೆಯಾಗಲಿ, ಒಣಗಿಸಿದ ಪುಡಿಯಾಗಲಿ ಬೇಡ. ಒಳ್ಳೆಯ ಒಣಹುಲ್ಲು, ಬಾಡಿಸಿದ ಹಸಿರು ಮೇವು, ತಾಯಿಯ ಜೊತೆಯಲ್ಲಿದ್ದಾಗ ತಿನ್ನುತ್ತಿದ್ದ ಅದೇ ಕೈತಿಂಡಿ, ಶುದ್ಧ ನೀರು, ಇಷ್ಟೇ ಸಾಕು. ಗಬ್ಬದ ಕೊನೆಯ ವಾರದಲ್ಲಿರುವ ಮತ್ತು ಹಾಲೂಡಿಸುವ ತಾಯಿ ಮೊಲಗಳ ಆಹಾರದಲ್ಲೂ ಪ್ರಯೋಗ ಬೇಡ.

ಮಾತ್ರೆಯ ವಿಷಯ ಇನ್ನೂ ಗಂಭೀರವಾದದ್ದು. ಆಂಪಿಸಿಲಿನ್, ಅಮಾಕ್ಸಿಸಿಲಿನ್, ಲಿಂಕೊಮೈಸಿನ್ ಮುಂತಾದ ಆಂಟಿಬಯಾಟಿಕ್‌ಗಳನ್ನು ಬಾಯಿಯ ಮೂಲಕ ಕೊಟ್ಟರೆ ಅವು ಮೊಲದ ಸೀಕಮ್‌ನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು, ವಿಷ ಉತ್ಪಾದಿಸುವ ಬ್ಯಾಕ್ಟೀರಿಯಾಗಳಿಗೆ ದಾರಿಮಾಡಿಕೊಡುತ್ತವೆ. ರೋಗಕ್ಕಿಂತ ಮೊದಲು ಔಷಧಿಯೇ ಕೊಲ್ಲಬಹುದು. ಹಸುವಿನ, ನಾಯಿಯ ಅಥವಾ ಮನುಷ್ಯರ ಮಾತ್ರೆಗಳನ್ನು ಮೊಲಕ್ಕೆ ಎಂದಿಗೂ ಕೊಡಬೇಡಿ. ಮೇವು ಮುಟ್ಟದಿರುವುದು, ಹಿಕ್ಕೆ ಸಣ್ಣದಾಗುವುದು ಅಥವಾ ನಿಲ್ಲುವುದು, ಮೆದು ಹಿಕ್ಕೆಯನ್ನು ತಿನ್ನದೆ ಗೂಡಿನಲ್ಲೇ ಬಿಡುವುದು, ಬೆನ್ನು ಬಾಗಿಸಿ ಹಲ್ಲು ಕಡಿಯುವುದು ಇವು ಕಂಡ ಕೂಡಲೇ ಕೈತಿಂಡಿ ಮತ್ತು ಹಣ್ಣಿನ ಪದಾರ್ಥವನ್ನು ನಿಲ್ಲಿಸಿ, ಒಣಹುಲ್ಲು ಮತ್ತು ನೀರನ್ನು ಮಾತ್ರ ಮುಂದಿಟ್ಟು, ಅಂದೇ ಪಶುವೈದ್ಯರನ್ನು ಕಾಣಿ. ಮರುದಿನ ನೋಡೋಣ ಎನ್ನುವಷ್ಟು ಸಮಯ ಇರುವುದಿಲ್ಲ. ಇನ್ನೊಂದು ಮಾತು: ಕಾವಲಿಗೆ ನಾಯಿಯಿದ್ದರೆ ಒಣದ್ರಾಕ್ಷಿಯ ಚೀಲವನ್ನು ಅದಕ್ಕೂ ಎಟುಕದಂತಿಡಿ, ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಗಳ ಮೂತ್ರಪಿಂಡಕ್ಕೆ ವಿಷ.

ಉಳಿದ ದೊಡ್ಡ ಮೊಲಗಳಲ್ಲಿ ನೀವು ಹಣ್ಣಿನ ಸಿಪ್ಪೆಯನ್ನು ಬಳಸಬೇಕೆಂದಿದ್ದರೆ, ಎಲ್ಲ ಮೊಲಗಳಿಗೂ ಒಮ್ಮೆಲೇ ಬದಲಾಯಿಸದೆ ಒಂದೇ ವಯಸ್ಸಿನ, ಹೆಚ್ಚುಕಡಿಮೆ ಒಂದೇ ತೂಕದ ಹತ್ತು ಮೊಲಗಳನ್ನು ಐದೈದರ ಎರಡು ಗುಂಪು ಮಾಡಿ. ಒಂದು ಗುಂಪಿಗೆ ಹಳೆಯ ಕೈತಿಂಡಿ, ಇನ್ನೊಂದಕ್ಕೆ ಸಿಪ್ಪೆ ಸೇರಿದ್ದು. ಹೊಸದನ್ನು ಹಳೆಯದರೊಂದಿಗೆ ಸ್ವಲ್ಪಸ್ವಲ್ಪವೇ ಬೆರೆಸುತ್ತ ಎರಡು ವಾರದಲ್ಲಿ ಪೂರ್ಣ ಬದಲಾಯಿಸಬೇಕು. ಹಸಿರು ಮೇವು, ನೀರು, ಗೂಡು ಎಲ್ಲವೂ ಎರಡಕ್ಕೂ ಒಂದೇ ಆಗಿರಲಿ. ಪುಡಿಯ ದೂಳು ಮೂಗಿಗೆ ಹೋಗಿ ಸೀನು ಬರುವುದರಿಂದ ಕೈತಿಂಡಿಗೆ ಸ್ವಲ್ಪ ನೀರು ಚಿಮುಕಿಸಿ ಉದುರುದುರಾಗಿ ಕಲಸಿ ಕೊಡಿ, ಉಳಿದದ್ದನ್ನು ಅದೇ ದಿನ ತೂಗಿ ತೆಗೆಯಿರಿ. ವಾರಕ್ಕೊಮ್ಮೆ ಬೆಳಿಗ್ಗೆ ಮೇವಿಗೆ ಮೊದಲು ತೂಕ ನೋಡಿ ಬರೆದಿಡಿ. ಆರು ವಾರದ ಕೊನೆಗೆ ಪ್ರತಿ ಗುಂಪು ತಿಂದ ಕೈತಿಂಡಿಯ ಒಟ್ಟು ಬೆಲೆಯನ್ನು ಆ ಗುಂಪಿನ ಒಟ್ಟು ತೂಕದ ಏರಿಕೆಯಿಂದ ಭಾಗಿಸಿ. ಕಿಲೋ ತೂಕಕ್ಕೆ ತಗುಲಿದ ಖರ್ಚು ಸಿಪ್ಪೆಯ ಗುಂಪಿನಲ್ಲಿ ಕಡಿಮೆ ಬಂದು, ಒಂದು ಮೊಲಕ್ಕೂ ಹೊಟ್ಟೆ ಕೆಡದಿದ್ದರೆ ಮಾತ್ರ ಉಳಿದ ಗೂಡುಗಳಿಗೆ ವಿಸ್ತರಿಸಿ.